ಆಟದ ಬರಹ: ವಿಡಿಯೊ ಗೇಮ್ ವಿಮರ್ಶೆಯನ್ನು ಚರಿತ್ರೆಯ ಆಕರವಾಗಿ ಓದುವ ಬಗೆ (ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯನ್ನು ಹಿನ್ನೆಲೆಯಾಗಿರಿಸಿಕೊಂಡು)

ಕನ್ನಡದಲ್ಲಿ ‘ಆಟ’ ಎಂಬ ಪದದ ಅರ್ಥವ್ಯಾಪ್ತಿ ಬಹು ದೊಡ್ಡದು. ಮಕ್ಕಳು ಅಂಗಳದಲ್ಲಿ ಆಡುವುದು ಆಟ. ಘಟ್ಟದ ಕೆಳಗೆ ರಾತ್ರಿಯಿಡೀ ನಡೆಯುವ ಯಕ್ಷಗಾನವೂ ಆಟವೇ. ಘಟ್ಟದ ಮೇಲೆ ಬಯಲುಸೀಮೆಯ ಕಡೆಗೆ ಸಾಗಿದರೆ ದೊಡ್ಡಾಟ, ಸಣ್ಣಾಟಗಳು ಎದುರಾಗುತ್ತವೆ. ಚಲನಚಿತ್ರ ಬಂದಾಗ ಅದರ ಪ್ರದರ್ಶನಗಳನ್ನೂ ನಮ್ಮವರು ‘ಮೊದಲನೆಯ ಆಟ’, ‘ಎರಡನೆಯ ಆಟ’ ಎಂದೇ ಕರೆದರು. ಗಣಕಯಂತ್ರದ, ಮೊಬೈಲಿನ ಪರದೆಯ ಮೇಲಿನ ವಿಡಿಯೊ ಗೇಮ್ ಸಹ ಇದೇ ಪದದ ಆಶ್ರಯಕ್ಕೆ ಬಂದಿದೆ. ಇವೆಲ್ಲವೂ ಆಡುವಷ್ಟು ಹೊತ್ತು ಮಾತ್ರ ಇರುವಂಥವು. ಆಡಿ ಮುಗಿದ ಮೇಲೆ ಉಳಿಯುವುದು ಸಾಮಗ್ರಿಯೇ ಹೊರತು ಆಟವಲ್ಲ.

ವಿಡಿಯೊ ಗೇಮ್‌ಗಳ ಬಗೆಗೆ ಪತ್ರಿಕೆಗಳಲ್ಲಿ ಪ್ರಕಟವಾಗುವ ವಿಮರ್ಶೆಗಳನ್ನು ಗ್ರಾಹಕ ಸಲಹೆ ಎಂದು ಪರಿಗಣಿಸುವುದು ರೂಢಿ. ಆಟವನ್ನು ಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆಗೆ ಉತ್ತರ ದೊರೆತ ಕೂಡಲೇ ಆ ಬರಹದ ಆಯುಷ್ಯ ಮುಗಿಯಿತೆಂಬುದು ಈ ರೂಢಿಯ ಹಿಂದಿನ ನಂಬಿಕೆ. ಈ ನಂಬಿಕೆ ಸರಿಯಲ್ಲವೆಂದೂ, ಕೊಳ್ಳುವ ಕಾಲ ಕಳೆದ ಮೇಲೆಯೇ ಇಂಥ ಬರಹ ಚರಿತ್ರಕಾರನಿಗೆ ಆಕರವಾಗತೊಡಗುತ್ತದೆಂದೂ ತೋರಿಸಲು ಪ್ರಸ್ತುತ ಲೇಖನದಲ್ಲಿ ಪ್ರಯತ್ನಿಸಲಾಗಿದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳನ್ನು ಹಿನ್ನೆಲೆಯಾಗಿ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇಂಥ ಬರಹಗಳು ಇಲ್ಲದಿರುವುದರಿಂದ ಆಗುವ ನಷ್ಟ ಬೆಂಗಳೂರಿಗಿಂತ ಇಂಥ ಸೀಮೆಗಳಲ್ಲಿ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ.

ಈ ಸೀಮೆಯ ಚರಿತ್ರೆಯ ಆಕರಗಳಲ್ಲಿಯೇ ಒಂದು ಸಮೀಪದ ಉದಾಹರಣೆ ದೊರೆಯುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ತನಗೆ ದಕ್ಕಿದ ನೆಲ ಎಂಥದು, ಅದರಿಂದ ಏನು ಹುಟ್ಟುತ್ತದೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ವೈದ್ಯನಾದ ಫ್ರಾನ್ಸಿಸ್ ಬುಕನನ್‌ನನ್ನು ಪ್ರವಾಸಕ್ಕೆ ಕಳುಹಿಸಿದ. 1800ರಲ್ಲಿ ಮದರಾಸಿನಿಂದ ಹೊರಟ ಬುಕನನ್ 1801ರಲ್ಲಿ ಕೆನರಾ ಕರಾವಳಿಯನ್ನು ನೋಡಿ, ಘಟ್ಟ ಹತ್ತಿ, ಯಲ್ಲಾಪುರ, ಸೋಂದಾ, ಬನವಾಸಿಗಳನ್ನು ಒಳಗೊಂಡ ಸೀಮೆಯಲ್ಲಿ ಸಂಚರಿಸಿದ. ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅದರ ಮೂಲ ಉದ್ದೇಶ ಕೈಗೆ ಬಂದ ಸರಕಿನ ಪರಿಶೀಲನೆ. ಸ್ವಲ್ಪ ಒರಟಾಗಿ ಹೇಳುವುದಾದರೆ ಅದು ಕಂಪನಿ ಎಂಬ ಗ್ರಾಹಕನಿಗೆ ಬರೆದುಕೊಟ್ಟ ವಿಮರ್ಶೆ. ಇಲ್ಲಿನ ಒಕ್ಕಲುತನ ಚೆನ್ನಾಗಿದೆ, ಅಲ್ಲಿನದು ಕೆಟ್ಟಿದೆ ಎಂದು ಅವನು ಮುಲಾಜಿಲ್ಲದೆ ತೀರ್ಪು ಕೊಡುತ್ತಾ ಹೋಗುತ್ತಾನೆ. ಆ ಸಲಹೆ ಬೇಕಾಗಿದ್ದ ಕಂಪನಿ ಇಂದು ಇಲ್ಲ. ಆದರೆ ತೀರ್ಪಿಗೆ ಆಧಾರವಾಗಿ ಅವನು ಬರೆದಿಟ್ಟ ಬೆಳೆ, ಅಳತೆ, ಕೂಲಿ, ತೆರಿಗೆ, ಅಡಿಕೆ ಮೆಣಸಿನ ತೋಟಗಳ ವಿವರಗಳಿಲ್ಲದೆ ಈ ಭಾಗದ ಹತ್ತೊಂಬತ್ತನೆಯ ಶತಮಾನದ ಆರ್ಥಿಕ ಚರಿತ್ರೆಯನ್ನು ಬರೆಯುವುದು ಕಷ್ಟ. ಅವನ ತೀರ್ಪುಗಳನ್ನು ಒಪ್ಪದವರೂ ಅವನನ್ನು ಉಲ್ಲೇಖಿಸುತ್ತಾರೆ.

1883ರಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದ ಬಗೆ ಬೇರೆ. ಅದು ಜಿಲ್ಲೆಯ ಜಾತಿ ಸಮುದಾಯಗಳನ್ನು ಒಂದೊಂದಾಗಿ ಎತ್ತಿಕೊಂಡು ಮನೆ, ಉಡುಪು, ಊಟ, ಆಚಾರಗಳನ್ನು ವರ್ಣಿಸುತ್ತದೆ. ಅಲ್ಲಿರುವುದು ಹೊರಗಿನಿಂದ ನೋಡಿ ಬರೆದ ವಿವರಣೆ. ಆಡಿದವನ, ಅನುಭವಿಸಿದವನ ಮಾತು ಅದರಲ್ಲಿ ದೊರೆಯುವುದು ವಿರಳ. ವಿವರಣೆ ಹಾಗೂ ವಿಮರ್ಶೆಗಳ ನಡುವಣ ಈ ವ್ಯತ್ಯಾಸವನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

ಆಟದ ಬಗೆಗೆ ಬರೆಯುವ ಪರಂಪರೆ ಕನ್ನಡ ನಾಡಿನಲ್ಲಿ ಹೊಸದೇನಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದು ವಿಂಶತಿಗಳ ಪೈಕಿ ಎರಡು ವಿನೋದಗಳಿಗೂ ಕ್ರೀಡೆಗಳಿಗೂ ಮೀಸಲಾಗಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಚದುರಂಗ, ಪಗಡೆ, ಗಂಜೀಫಾ ಮೊದಲಾದ ಆಟಗಳನ್ನು ಚಿತ್ರಸಹಿತವಾಗಿ ನಿರೂಪಿಸುತ್ತದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಹಳೆಯ ಹಲಗೆಯಾಟಗಳನ್ನು ಮತ್ತೆ ತಯಾರಿಸಿ ಪ್ರದರ್ಶಿಸುವ ಕೆಲಸ ಮಾಡಿರುವುದನ್ನು ಇಲ್ಲಿ ನೆನೆಯಬೇಕು. ಇಂಥ ಗ್ರಂಥಗಳಿಂದ ಹಲಗೆ, ಕಾಯಿ, ನಡೆಗಳ ನಿಯಮ ತಿಳಿಯುತ್ತದೆ. ಆಟ ಬೇಸರ ತರುತ್ತಿತ್ತೇ, ಯಾವ ಘಟ್ಟದಲ್ಲಿ ಜಗಳ ಹುಟ್ಟುತ್ತಿತ್ತು, ಸೋತವನು ಮತ್ತೆ ಆಡಲು ಕೂರುತ್ತಿದ್ದನೇ ಎಂಬುದನ್ನು ನಿಯಮಗ್ರಂಥ ಹೇಳಬೇಕಾಗಿಲ್ಲ, ಹೇಳುವುದೂ ಇಲ್ಲ.

ಬರಹವೇ ಇಲ್ಲದ ಕಡೆ ಪರಿಸ್ಥಿತಿ ಇನ್ನೂ ಕಷ್ಟದ್ದು. ಹಂಪೆಯ ದೇವಾಲಯ, ಮಂಟಪಗಳ ನೆಲಹಾಸಿನ ಮೇಲೆ ಆಟದ ಮನೆಗಳನ್ನೂ ಗುಳಿಗಳ ಸಾಲುಗಳನ್ನೂ ಕೊರೆದಿರುವುದನ್ನು ಕಾಣಬಹುದು. ಕಾವಲುಗಾರರೋ ಯಾತ್ರಿಕರೋ ಬಿಡುವಿನಲ್ಲಿ ಕೊರೆದುಕೊಂಡಿರಬಹುದಾದ ಈ ಗುರುತುಗಳು ಶಿಲೆಯಲ್ಲಿರುವುದರಿಂದ ಅಳಿದಿಲ್ಲ. ಆದರೆ ಎರಡು ಸಾಲು ಗುಳಿಗಳನ್ನು ನೋಡಿ ಅಲ್ಲಿ ಯಾವ ನಿಯಮದ ಆಟ ನಡೆಯಿತೆಂದು ನಿರ್ಧರಿಸಲಾಗದು. ಅಳಗುಳಿ ಮಣೆಯ ಒಂದೇ ಹಲಗೆಯಲ್ಲಿ ಹಲವು ಬಗೆಯ ಆಟಗಳನ್ನು ಆಡುವ ರೂಢಿ ನಮ್ಮಲ್ಲಿ ಇದೆಯಷ್ಟೆ. ಇಲ್ಲಿ ಒಂದು ಎಚ್ಚರದ ಮಾತು ಅಗತ್ಯ. ಹಳಿಯಾಳ, ಮುಂಡಗೋಡ, ಜೋಯಿಡಾ ಹಾಗೂ ನೆರೆಯ ಯಲ್ಲಾಪುರ ತಾಲ್ಲೂಕುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯ ನೆಲೆಸಿದೆ. ಗುಳಿಮಣೆಯ ಆಟಗಳು ಆಫ್ರಿಕಾದಾದ್ಯಂತ ಪ್ರಚಲಿತ. ಈ ಎರಡನ್ನೂ ಜೋಡಿಸಿ ಒಂದು ಸೊಗಸಾದ ಸಿದ್ಧಾಂತ ಕಟ್ಟಲು ಸಂಶೋಧಕನ ಮನಸ್ಸು ಆಸೆಪಡುತ್ತದೆ. ಆದರೆ ಅಳಗುಳಿ ಮಣೆ ಸಿದ್ದಿಗಳ ನೆಲೆಯಾಚೆಗೂ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿರುವ ಆಟ. ಅದನ್ನು ಈ ಸೀಮೆಯಲ್ಲಿ ಯಾರು ಯಾರಿಂದ ಕಲಿತರು ಎಂಬುದಕ್ಕೆ ಆಡಿದವರ ಬರಹದ ಸಾಕ್ಷ್ಯವಿಲ್ಲದೆ ಹೀಗೆ ಜೋಡಿಸುವುದು ಊಹೆಯಷ್ಟೇ ಆಗುತ್ತದೆ.

ಸಾಮಗ್ರಿ ಉಳಿದರೂ ಆಟ ಉಳಿಯದೆಂಬ ಈ ಸಮಸ್ಯೆಯನ್ನು ಕನ್ನಡದಲ್ಲಿ ಬಹು ಹಿಂದೆಯೇ ಎದುರಿಸಿದವರು ಯಕ್ಷಗಾನವನ್ನು ಕುರಿತು ಬರೆದವರು. ಯಕ್ಷಗಾನದಲ್ಲಿ ಪ್ರಸಂಗದ ಪದ್ಯಗಳು ಲಿಖಿತವಾಗಿರುತ್ತವೆ. ಅವುಗಳ ಮೇಲೆ ಪಾತ್ರಧಾರಿ ಹೇಳುವ ಅರ್ಥ ಆ ರಾತ್ರಿಯ ಆಶುಸೃಷ್ಟಿ. ತಾಳಮದ್ದಳೆಯಲ್ಲಂತೂ ಅರ್ಥವೇ ಪ್ರಧಾನ. ಬೆಳಗಾದ ಮೇಲೆ ಪ್ರಸಂಗದ ಪುಸ್ತಕ ಭಾಗವತರ ಚೀಲ ಸೇರುತ್ತದೆ. ಆಟ ಎಲ್ಲಿಯೂ ಇಲ್ಲ. 1934ರಲ್ಲಿ ಸ್ಥಾಪನೆಗೊಂಡ ಇಡಗುಂಜಿ ಮೇಳದ ಕೆರೆಮನೆ ಶಿವರಾಮ ಹೆಗಡೆಯವರ ಪಾತ್ರಗಳು ಹೇಗಿದ್ದವು ಎಂಬುದನ್ನು ನಾವು ಪ್ರಸಂಗ ಪ್ರತಿಗಳಿಂದ ತಿಳಿಯಲಾರೆವು. ಕಂಡವರು ಬರೆದದ್ದರಿಂದ ಮಾತ್ರ ಅಷ್ಟಿಷ್ಟು ತಿಳಿಯುತ್ತೇವೆ.

ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ (1957) ಈ ದೃಷ್ಟಿಯಿಂದ ಮಹತ್ವದ ಕೃತಿ. ಕಾರಂತರು ತಟಸ್ಥ ವರದಿಗಾರರಲ್ಲ. ಯಾವುದು ಸೊಗಸು, ಯಾವುದು ಆಭಾಸ ಎಂಬುದರ ಬಗೆಗೆ ಅವರಿಗೆ ಖಚಿತ ಅಭಿಪ್ರಾಯಗಳಿದ್ದವು. ಅವರ ನಿಲುವುಗಳನ್ನು ಒಪ್ಪದ ಕಲಾವಿದರೂ ವಿದ್ವಾಂಸರೂ ಅನೇಕರು. ಹಾಗಿದ್ದರೂ ಆ ಕೃತಿ ಆಕರಗ್ರಂಥವಾಗಿ ನಿಂತಿದೆ. ತೀರ್ಪು ಕೊಡಬೇಕಾದವನು ಕಾರಣ ಕೊಡಬೇಕಾಗುತ್ತದೆ. ಕಾರಣ ಕೊಡುವಾಗ ಕಂಡದ್ದನ್ನು ವಿವರವಾಗಿ ಹೇಳಬೇಕಾಗುತ್ತದೆ. ಬರಿಯ ಪ್ರಶಂಸೆಯಲ್ಲಾಗಲಿ ಬರಿಯ ನಿಯಮಪಟ್ಟಿಯಲ್ಲಾಗಲಿ ಸೇರದ ವಿವರಗಳು ವಿಮರ್ಶೆಯಲ್ಲಿ ಈ ಮಾರ್ಗವಾಗಿ ಬಂದು ಸೇರುತ್ತವೆ. ತೀರ್ಪು ಹಳತಾದರೂ ವಿವರ ಹಳತಾಗುವುದಿಲ್ಲ. ವಿಡಿಯೊ ಗೇಮ್ ವಿಮರ್ಶೆಯ ಬೆಲೆಯೂ ಇಲ್ಲಿಯೇ ಇದೆಯೆಂಬುದು ಈ ಲೇಖಕನ ಅಭಿಪ್ರಾಯ. ಪ್ರಸಂಗಕ್ಕೂ ಪ್ರದರ್ಶನಕ್ಕೂ ಇರುವ ಸಂಬಂಧವೇ ಗೇಮಿನ ತಂತ್ರಾಂಶಕ್ಕೂ ಅದನ್ನು ಆಡಿದ ಅನುಭವಕ್ಕೂ ಇದೆ.

ವಿಡಿಯೊ ಗೇಮ್ ವಿಮರ್ಶೆಯ ಚರಿತ್ರೆ ಚಿಕ್ಕದು. ಅಮೆರಿಕದ ‘ವಿಡಿಯೊ’ ಎಂಬ ಪತ್ರಿಕೆಯಲ್ಲಿ 1979ರಲ್ಲಿ ಆರ್ನಿ ಕಾಟ್ಜ್ ಹಾಗೂ ಬಿಲ್ ಕುಂಕೆಲ್ ಅವರು ‘ಆರ್ಕೇಡ್ ಆಲಿ’ ಎಂಬ ಅಂಕಣವನ್ನು ಪ್ರಾರಂಭಿಸಿದರು. ಅವರೇ ಜಾಯ್ಸ್ ವರ್ಲಿ ಅವರೊಡಗೂಡಿ 1981ರಲ್ಲಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಪತ್ರಿಕೆಯನ್ನು ಹೊರತಂದರು. ಅದೇ ವರ್ಷ ಬ್ರಿಟನ್ನಿನಲ್ಲಿ ‘ಕಂಪ್ಯೂಟರ್ ಅಂಡ್ ವಿಡಿಯೊ ಗೇಮ್ಸ್’ ಹುಟ್ಟಿತು. 1986ರಲ್ಲಿ ಪ್ರಾರಂಭವಾದ ಜಪಾನಿನ ‘ಫಾಮಿತ್ಸು’ ಪತ್ರಿಕೆಯ ಪದ್ಧತಿ ಪ್ರಸಿದ್ಧವಾದುದು: ನಾಲ್ವರು ವಿಮರ್ಶಕರು ತಲಾ 10ಕ್ಕೆ ಅಂಕ ಕೊಡುತ್ತಾರೆ, ಒಟ್ಟು 40. ಈ ಪದ್ಧತಿಯಲ್ಲಿ ಪೂರ್ಣಾಂಕ ಪಡೆದ ಮೊದಲ ಆಟ 1998ರ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕಾರಿನಾ ಆಫ್ ಟೈಮ್’. ಅಂಕ ಕೊಡುವ ಈ ಚಾಳಿಯೇ ವಿಮರ್ಶೆಯನ್ನು ಅಂಗಡಿಯ ಪಟ್ಟಿಯ ಮಟ್ಟಕ್ಕೆ ಇಳಿಸಿತೆನ್ನಬಹುದು. 40ಕ್ಕೆ 40 ಎಂಬ ಅಂಕಿಯಿಂದ ಮುಂದಿನ ತಲೆಮಾರಿನ ಸಂಶೋಧಕನಿಗೆ ತಿಳಿಯುವುದು ಬಹಳ ಕಡಿಮೆ. ಅದರ ಪಕ್ಕದ ನಾಲ್ಕು ಸಾಲುಗಳಿಂದ ತಿಳಿಯುವುದೇ ಹೆಚ್ಚು.

2004ರಲ್ಲಿ ಬ್ರಿಟಿಷ್ ಲೇಖಕ ಕೀರನ್ ಗಿಲೆನ್ ಈ ಬಗೆಯ ಬರವಣಿಗೆಯ ದಿಕ್ಕನ್ನು ಬದಲಿಸಬೇಕೆಂದು ವಾದಿಸಿದರು. ಆಟದ ಅರ್ಥ ಯಂತ್ರದೊಳಗಿಲ್ಲ, ಆಡುವವನ ಅನುಭವದಲ್ಲಿದೆ. ಆದ್ದರಿಂದ ಗೇಮ್ ವಿಮರ್ಶೆ ಇಲ್ಲದ ಊರುಗಳಿಗೆ ಹೋಗಿ ಬಂದವರ ಪ್ರವಾಸಕಥನದಂತಿರಬೇಕು ಎಂಬುದು ಅವರ ವಾದದ ಸಾರ. ಈ ಧೋರಣೆಯಿಂದ ಆತ್ಮರತಿಯ ಬರಹಗಳೂ ಸಾಕಷ್ಟು ಹುಟ್ಟಿದವು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಪ್ರವಾಸಕಥನದ ಹೋಲಿಕೆ ಚರಿತ್ರಕಾರನಿಗೆ ಉಪಯುಕ್ತವಾದುದು. ಬುಕನನ್‌ನನ್ನು ಓದುವ ಕ್ರಮವನ್ನು ಬಲ್ಲವನಿಗೆ ಇಂಥ ಬರಹವನ್ನು ಓದುವ ಕ್ರಮವನ್ನೂ ಹೊಸದಾಗಿ ಕಲಿಸಬೇಕಾಗಿಲ್ಲ.

ಪ್ರವಾಸಿ ಕಂಡ ಊರು ಮುಳುಗಿಹೋದಾಗ ಅವನ ಕಥನದ ಬೆಲೆ ಬೇರೆಯಾಗುತ್ತದೆ. ಈ ಮಾತು ಜೋಯಿಡಾದವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಆ ತಾಲ್ಲೂಕಿನ ಹಿಂದಿನ ಹೆಸರು ಸೂಪಾ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರು ನೀರಿನಡಿ ಸೇರಿ ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ವಿಡಿಯೊ ಗೇಮ್‌ಗಳ ಮುಳುಗಡೆ ಇದಕ್ಕಿಂತ ವೇಗವಾಗಿ ನಡೆಯುತ್ತಿದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳ ಪೈಕಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. 2020ರ ಡಿಸೆಂಬರ್ 31ರಂದು ಫ್ಲ್ಯಾಶ್ ತಂತ್ರಜ್ಞಾನಕ್ಕೆ ಅಡೋಬಿ ಸಂಸ್ಥೆ ಬೆಂಬಲ ನಿಲ್ಲಿಸಿದಾಗ ಅದನ್ನು ಅವಲಂಬಿಸಿದ್ದ ಅಸಂಖ್ಯ ಪುಟ್ಟ ಆಟಗಳು ಸಾಮಾನ್ಯ ಬಳಕೆದಾರರಿಗೆ ಎಟುಕದಾದವು. ಆಸಕ್ತರ ಗುಂಪುಗಳು ಅವುಗಳಲ್ಲಿ ಹಲವನ್ನು ಉಳಿಸಿಕೊಂಡಿವೆಯೆಂಬುದು ಬೇರೆ ಮಾತು.

ಅಳಿಯದೆ ಉಳಿದ ಆಟವೂ ಅದೇ ಆಟವಾಗಿ ಉಳಿಯುವುದಿಲ್ಲವೆಂಬುದು ಇನ್ನೊಂದು ತೊಡಕು. ಪೋಲೆಂಡಿನ ಸಂಸ್ಥೆಯೊಂದು ರೂಪಿಸಿದ ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ರಂದು ಬಿಡುಗಡೆಯಾದಾಗ ಹಳೆಯ ಆಟಯಂತ್ರಗಳಲ್ಲಿ ಅದು ಎಷ್ಟು ದೋಷಯುಕ್ತವಾಗಿತ್ತೆಂದರೆ ಒಂದೇ ವಾರದಲ್ಲಿ ಸೋನಿ ಸಂಸ್ಥೆ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು. ಮುಂದೆ ಅದು ಹಂತಹಂತವಾಗಿ ತಿದ್ದಲ್ಪಟ್ಟು, 2023ರಲ್ಲಿ ಬಹುಮಟ್ಟಿಗೆ ಬೇರೆಯೇ ಆಟವೆನ್ನುವಷ್ಟು ಬದಲಾಯಿತು. ಇಂದು ಅದನ್ನು ಆಡುವವನಿಗೆ 2020ರ ಗಲಾಟೆಯ ಕಾರಣ ತಿಳಿಯಲಾರದು. ಹಸ್ತಪ್ರತಿಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ತಿದ್ದಿದ ಪಾಠ ಮಾತ್ರ ಚಲಾವಣೆಯಲ್ಲಿದೆ; ಮೂಲಪಾಠದ ಸ್ಥಿತಿಯನ್ನು ಆಗಿನ ವಿಮರ್ಶೆಗಳ ಉಲ್ಲೇಖಗಳಿಂದಲೇ ಪುನಾರಚಿಸಬೇಕು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಅಟಾರಿ ಸಂಸ್ಥೆಯ ‘ಇ.ಟಿ.’ (1982). ಮಾರಾಟವಾಗದೆ ಉಳಿದ ಸರಕನ್ನು 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಎಂಬಲ್ಲಿ ನೆಲದಲ್ಲಿ ಹೂಳಲಾಗಿತ್ತು. 2014ರ ಏಪ್ರಿಲ್‌ನಲ್ಲಿ ಪುರಾತತ್ತ್ವಜ್ಞರ ಸಮ್ಮುಖದಲ್ಲಿ ಉತ್ಖನನ ನಡೆದು ಸುಮಾರು 1300 ಕಾರ್ಟ್ರಿಜ್‌ಗಳು ದೊರೆತವು. ಅವುಗಳಲ್ಲಿ ಬೇರೆ ಆಟಗಳೂ ಇದ್ದದ್ದರಿಂದ ಹೂತದ್ದು ‘ಇ.ಟಿ.’ಯೊಂದನ್ನೇ ಎಂಬ ದಂತಕಥೆ ಬಿದ್ದುಹೋಯಿತು. ಉತ್ಖನನದಿಂದ ಸಿದ್ಧವಾದದ್ದು ಇಷ್ಟು. ಆ ಆಟ ಮಕ್ಕಳನ್ನು ಏಕೆ ನಿರಾಶೆಗೊಳಿಸಿತು, ಗುಂಡಿಗಳಲ್ಲಿ ಮತ್ತೆ ಮತ್ತೆ ಬೀಳುವುದು ಅವರಿಗೆ ಹೇಗೆನಿಸಿತು ಎಂಬುದನ್ನು ಮಣ್ಣು ಹೇಳಲಿಲ್ಲ. ಹಂಪೆಯ ಗುಳಿಗಳಿಗೂ ಇದೇ ಮಾತು ಸಲ್ಲುತ್ತದೆ.

ಆಕರವೆಂದ ಮೇಲೆ ಆಕರಪರೀಕ್ಷೆ ಅನಿವಾರ್ಯ. ಶಾಸನದ ದಾನವಾಕ್ಯವನ್ನು ದಾನಿಯ ಹಿತಾಸಕ್ತಿಯನ್ನು ಗಮನಿಸದೆ ಓದುವಂತಿಲ್ಲ. ಹಾಗೆಯೇ ವಿಮರ್ಶಕನ ಕೈಗೆ ಪ್ರತಿ ಕೊಟ್ಟವರು ಯಾರು, ಯಾವ ಷರತ್ತಿನ ಮೇಲೆ, ಆ ಪುಟದ ಜಾಹೀರಾತು ಯಾರದು ಎಂದು ಕೇಳಬೇಕಾಗುತ್ತದೆ. ‘ಸೈಬರ್‌ಪಂಕ್’ ಪ್ರಕರಣದಲ್ಲಿ ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ದೊರೆತದ್ದು ಗಣಕಯಂತ್ರದ ಆವೃತ್ತಿ ಮಾತ್ರ. ಹೆಚ್ಚು ಕೆಟ್ಟಿದ್ದ ಆಟಯಂತ್ರದ ಆವೃತ್ತಿಯಲ್ಲ. ಆದ್ದರಿಂದ ಮೊದಲ ದಿನಗಳ ಹೊಗಳಿಕೆಯನ್ನು ಆ ಮಿತಿಯೊಳಗೇ ಓದಬೇಕು. 2007ರಲ್ಲಿ ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ ಸಾಧಾರಣ ಅಂಕ ಕೊಟ್ಟ ಅಮೆರಿಕದ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡರು. ಜಾಹೀರಾತುದಾರರ ಒತ್ತಡ ಅದಕ್ಕೆ ಕಾರಣವಾಗಿತ್ತೆಂದು 2012ರಲ್ಲಿ ಅವರೇ ವಿವರಿಸಿದರು. ಇಂಥ ಪ್ರಸಂಗಗಳಿಂದ ಆಕರ ನಿರುಪಯುಕ್ತವಾಗುವುದಿಲ್ಲ. ವಿಮರ್ಶೆಯ ಒಂದು ಅಂಕದಿಂದ ಒಂದು ಉದ್ಯಮ ಕೆರಳಬಲ್ಲದಾಗಿತ್ತು ಎಂಬುದೇ ಆ ಕಾಲದ ಚರಿತ್ರೆಯ ಭಾಗ.

ಇನ್ನು ಕನ್ನಡದ ವಿಚಾರ. ಕರ್ನಾಟಕಕ್ಕೆ ವಿಡಿಯೊ ಗೇಮ್ ಉದ್ಯಮ ಅಪರಿಚಿತವಲ್ಲ. ಭಾರತದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ‍್ಯಾಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿಯೇ ಪ್ರಾರಂಭವಾಯಿತು. ಕನ್ನಡದಲ್ಲಿ ತಂತ್ರಜ್ಞಾನದ ಬರವಣಿಗೆಗೂ ಗಟ್ಟಿಯಾದ ನೆಲೆಯಿದೆ, ಯು.ಬಿ. ಪವನಜ ಅವರ ‘ಗ್ಯಾಜೆಟ್ ಲೋಕ’ ಅಂಕಣ ಸಾಧನಗಳ ವಿಮರ್ಶೆಯನ್ನು ಕನ್ನಡ ಓದುಗರಿಗೆ ಪರಿಚಿತಗೊಳಿಸಿತು. ಆದರೆ ಸಾಧನದ ಪರೀಕ್ಷೆ ಬೇರೆ, ಆಟದ ವಿಮರ್ಶೆ ಬೇರೆ. ಪುಸ್ತಕಕ್ಕೆ, ನಾಟಕಕ್ಕೆ, ಚಲನಚಿತ್ರಕ್ಕೆ, ಯಕ್ಷಗಾನಕ್ಕೆ ಕನ್ನಡದಲ್ಲಿ ದೊರೆತ ವಿಮರ್ಶಕ ವರ್ಗ ವಿಡಿಯೊ ಗೇಮಿಗೆ ದೊರೆತಿಲ್ಲ.

ಹಾಗಾದರೆ ನಮ್ಮ ಮುದ್ರಿತ ದಾಖಲೆಗಳಲ್ಲಿ ಈ ಆಟಗಳು ಎಲ್ಲಿವೆ? ಬಹುಪಾಲು ಅಪಾಯದ ಸುದ್ದಿಯಲ್ಲಿವೆ, ಕಾನೂನಿನ ಸುದ್ದಿಯಲ್ಲಿವೆ. 2017ರ ‘ಬ್ಲೂ ವೇಲ್’ ಭೀತಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ತಂತ್ರಾಂಶಗಳ ಪಟ್ಟಿಯಲ್ಲಿದ್ದ ‘ಪಬ್ಜಿ’. ಅದರ ಭಾರತೀಯ ಅವತಾರವಾಗಿ 2021ರ ಜುಲೈಯಲ್ಲಿ ಬಂದು, 2022ರ ಜುಲೈಯಲ್ಲಿ ತಡೆಯಲ್ಪಟ್ಟು, 2023ರ ಮೇ ತಿಂಗಳಲ್ಲಿ ಮರಳಿದ ‘ಬಿಜಿಎಂಐ’. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ಹಾಗೂ 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿದ ತೀರ್ಪು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆ. ಇವೆಲ್ಲವೂ ಮುಖ್ಯ ಸಂಗತಿಗಳೇ. ಮಕ್ಕಳ ಬಗೆಗೆ ಪೋಷಕರಿಗಿದ್ದ ಆತಂಕವನ್ನು ಅಲ್ಲಗಳೆಯುವ ಉದ್ದೇಶವೂ ಇಲ್ಲಿಲ್ಲ. ಆದರೆ ಐವತ್ತು ವರ್ಷಗಳ ಅನಂತರ ಕನ್ನಡ ಪತ್ರಿಕೆಗಳ ಕಡತಗಳನ್ನು ಮಾತ್ರ ಇಟ್ಟುಕೊಂಡು ಬರೆಯಲು ಕೂತವನಿಗೆ ‘ಪಬ್ಜಿ’ಯನ್ನು ನಿಷೇಧಿಸಿದ್ದು ತಿಳಿಯುತ್ತದೆ, ಅದನ್ನು ಅಷ್ಟು ಜನ ಏಕೆ ಆಡುತ್ತಿದ್ದರು ಎಂಬುದು ತಿಳಿಯುವುದಿಲ್ಲ. ಪ್ರಸ್ತುತ ಲೇಖಕನ ಕಳವಳ ಇಷ್ಟಕ್ಕೇ ಸೀಮಿತವಾದುದು.

ನಮ್ಮ ನಾಲ್ಕು ತಾಲ್ಲೂಕುಗಳನ್ನು ಈಗ ನೋಡೋಣ. ದಾಂಡೇಲಿ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಪಟ್ಟಣ. ಹಳಿಯಾಳ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ತಾಲ್ಲೂಕಾದದ್ದು ಇತ್ತೀಚೆಗೆ. ಹಳಿಯಾಳದಲ್ಲಿ ಕನ್ನಡದೊಡನೆ ಮರಾಠಿ ಬಲವಾಗಿದೆ. ಜೋಯಿಡಾ ಕುಣಬಿಗಳ ಕೊಂಕಣಿಯ, ದಟ್ಟ ಕಾಡಿನ ತಾಲ್ಲೂಕು. ಅದರ ದೊಡ್ಡ ಭಾಗ ಇಂದಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟಿನ ನಿರಾಶ್ರಿತರ ವಸಾಹತು ಸ್ಥಾಪನೆಯಾಗಿ, ಮುಂದೆ ಗಾಂದೆನ್ ಹಾಗೂ ದ್ರೆಪುಂಗ್ ವಿಹಾರಗಳು ಅಲ್ಲಿ ನೆಲೆಗೊಂಡವು. ಒಂದೇ ಆಟ ಈ ನಾಲ್ಕು ಕಡೆಯಲ್ಲೂ ಮೊಬೈಲ್ ಮೂಲಕ ತಲುಪಿರಬಹುದು. ಆದರೆ ಅದು ಒಂದೇ ಆಟವಾಗಿ ತಲುಪಿತೇ?

ಸದಾ ಸಂಪರ್ಕ ಬೇಡುವ ಆಟವೊಂದು ಸಂಪರ್ಕ ದುರ್ಬಲವಾದ ಕಾಡಿನ ಹಳ್ಳಿಯಲ್ಲಿ ಬೇರೆ ಆಟವೇ ಆಗುತ್ತದೆ. ಗುಂಡು ಹಾರಿಸಿದ ಕ್ಷಣವೂ ಅದು ತಾಕಿದ ಕ್ಷಣವೂ ನಡುವೆ ಬಂದ ವಿಳಂಬದಿಂದ ಬೇರಾದಾಗ ಅಲ್ಲಿ ಗೆಲ್ಲುವ ಕೌಶಲವೇ ಬೇರೆ: ಎದುರಾಳಿಯನ್ನು ಎದುರಿಸುವುದಕ್ಕಿಂತ ಅಡಗಿ ಕೂರುವುದು ಲಾಭಕರ. ನಾಲ್ವರ ತಂಡ ಕಟ್ಟಿಕೊಂಡು ಮಾತನಾಡುತ್ತ ಆಡಬೇಕಾದಲ್ಲಿ ಯಾವ ಭಾಷೆಯಲ್ಲಿ ಮಾತನಾಡಿದರು? ಹಳಿಯಾಳದ ಹುಡುಗ ಅಪರಿಚಿತ ಸಂಗಡಿಗನೊಡನೆ ಮರಾಠಿಯನ್ನೋ ಹಿಂದಿಯನ್ನೋ ಕನ್ನಡವನ್ನೋ ಹಿಡಿದಾಗ ಯಾವ ಲೆಕ್ಕಾಚಾರ ನಡೆಯಿತು? ಟಿಬೆಟಿನ ಸಮುದಾಯದಲ್ಲಿ ‘ಶೋ’ ಎಂಬ ದಾಳದ ಆಟಕ್ಕೆ ದೀರ್ಘ ಪರಂಪರೆಯಿದೆ. ಮುಂಡಗೋಡದ ಕ್ಯಾಂಪಿನ ಯುವಕರು ಪರದೆಯ ಆಟಗಳನ್ನು ಅದರೊಡನೆ ಹೋಲಿಸಿ ಏನಾದರೂ ಹೇಳಿಕೊಂಡರೇ? ಸಮಾಜಭಾಷಾಶಾಸ್ತ್ರದವರಿಗೆ ಅಮೂಲ್ಯವಾಗಬಹುದಾಗಿದ್ದ ಈ ಸಂಗತಿಗಳು ತಂತ್ರಾಂಶದೊಳಗೆ ಇಲ್ಲ. ಆ ತಂತ್ರಾಂಶವನ್ನು ಸಿಯೋಲಿನಲ್ಲಿಯೋ ಬೆಂಗಳೂರಿನಲ್ಲಿಯೋ ಎಷ್ಟು ಜೋಪಾನವಾಗಿ ಕಾಪಾಡಿದರೂ ಅವು ಸಿಗುವುದಿಲ್ಲ. ಆ ಊರಿನಲ್ಲಿ ಕೂತು ಆಡಿದವನು ‘ಈ ಆಟ ನಮ್ಮಲ್ಲಿ ಹೀಗೆ ನಡೆಯುತ್ತದೆ, ಇಲ್ಲಿ ಚೆನ್ನಾಗಿದೆ, ಇಲ್ಲಿ ಕೆಟ್ಟಿದೆ’ ಎಂದು ಬರೆದಿದ್ದರೆ ಮಾತ್ರ ಸಿಗುತ್ತಿದ್ದವು.

ಪದಸಂಪತ್ತಿನ ಪ್ರಶ್ನೆಯೂ ಇದಕ್ಕೆ ಸೇರಿದ್ದೇ. ಚೌಕಾಬಾರದಲ್ಲಿ ಗರ ಬೀಳುತ್ತದೆ, ಕಾಯಿ ನಡೆಯುತ್ತದೆ, ಎದುರಾಳಿಯ ಕಾಯಿಯನ್ನು ಕಡಿಯುತ್ತದೆ, ನಡುಮನೆ ತಲುಪಿದಾಗ ಹಣ್ಣಾಗುತ್ತದೆ. ಗುರಿ ಮುಟ್ಟುವುದನ್ನು ಹಣ್ಣಾಗುವುದೆಂದು ಗ್ರಹಿಸಿದ ಭಾಷೆ ಪರದೆಯ ಆಟಕ್ಕೆ ಬಂದಾಗ ‘ಲೆವೆಲ್’, ‘ಲೈಫ್’, ‘ಔಟ್’ ಎಂಬ ಪದಗಳನ್ನೇ ಬಹುಮಟ್ಟಿಗೆ ಒಪ್ಪಿಕೊಂಡಿತು. ಇದರಲ್ಲಿ ತಪ್ಪೇನೂ ಇಲ್ಲ. ಕ್ರಿಕೆಟ್ಟಿನಲ್ಲಿಯೂ ಹೀಗೆಯೇ ಆಯಿತು. ಆದರೆ ಕ್ರಿಕೆಟ್ಟಿಗೆ ಆಕಾಶವಾಣಿಯ ವೀಕ್ಷಕ ವಿವರಣೆಯೂ ಪತ್ರಿಕೆಗಳ ಕ್ರೀಡಾಪುಟವೂ ಕನ್ನಡದಲ್ಲಿ ದೊರೆತದ್ದರಿಂದ ‘ದಾಂಡಿಗ’, ‘ಎಸೆತ’, ‘ಗೂಟ’ ಮೊದಲಾದವು ಬರಹದಲ್ಲಾದರೂ ನೆಲೆ ಕಂಡವು. ವಿವರಿಸಿ ತೀರ್ಪು ಹೇಳಬೇಕಾದ ಬರಹಗಾರನಿಗೆ ಪದ ಬೇಕಾಗುತ್ತದೆ. ಪದ ಹುಟ್ಟುವುದು ಆ ಒತ್ತಡದಲ್ಲಿ. ವಿಡಿಯೊ ಗೇಮಿನ ಬಗೆಗೆ ಕನ್ನಡದಲ್ಲಿ ಆ ಒತ್ತಡ ಇನ್ನೂ ಹುಟ್ಟಿಲ್ಲ. ಮನೆಯೊಳಗೆ, ಬಸ್‌ನಿಲ್ದಾಣದಲ್ಲಿ ಆಡುವ ಮಕ್ಕಳು ತಮ್ಮಷ್ಟಕ್ಕೆ ಕಟ್ಟಿಕೊಂಡ ಪದಗಳು ಇದ್ದೇ ಇವೆ. ಅವು ಬರಹಕ್ಕೆ ಬಂದಿಲ್ಲ.

ಕೊನೆಯದಾಗಿ ಗ್ರಂಥಾಲಯಗಳಿಗೆ ಸಂಬಂಧಿಸಿದ ವಿಷಯ. 1954ರ ಪುಸ್ತಕಗಳ ಪೂರೈಕೆ ಕಾಯ್ದೆ ಹಾಗೂ 1956ರ ಅದರ ತಿದ್ದುಪಡಿಯ ಪ್ರಕಾರ ನಮ್ಮ ದೇಶದಲ್ಲಿ ಪ್ರಕಟವಾಗುವ ಪುಸ್ತಕ, ಪತ್ರಿಕೆಗಳ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಸಲ್ಲಿಸಬೇಕು. ವಿಡಿಯೊ ಗೇಮ್‌ಗಳು ಈ ವ್ಯವಸ್ಥೆಯ ಹೊರಗಿವೆ. ಅಂದರೆ ಕಾನೂನಿನ ಬಲದಿಂದ ಸಂಗ್ರಹಕ್ಕೆ ಸೇರಬಹುದಾದ ಆಟದ ಭಾಗವೆಂದರೆ ಅದನ್ನು ಕುರಿತು ಕಾಗದದ ಮೇಲೆ ಅಚ್ಚಾದ ಬರಹವೊಂದೇ. ಪರದೆಯ ಆಟದ ಚರಿತ್ರೆ ದಾಂಡೇಲಿಯಂಥ ಊರುಗಳಲ್ಲಿ ತಯಾರಾಗುವ ಕಾಗದದ ಆಶ್ರಯ ಪಡೆಯಬೇಕಾಗಿರುವುದು ವಿಚಿತ್ರವೆನಿಸಿದರೂ ವಸ್ತುಸ್ಥಿತಿ ಹಾಗಿದೆ.

ಆ ಆಶ್ರಯವೂ ಪೂರ್ಣವಲ್ಲ. ಇಂಥ ಬರಹಗಳು ಪ್ರಕಟವಾಗುವುದು ಸಾಮಾನ್ಯವಾಗಿ ಪತ್ರಿಕೆಗಳ ವಾರದ ಪುರವಣಿಗಳಲ್ಲಿ, ಯುವಜನರ ಪುಟಗಳಲ್ಲಿ. ಈ ಲೇಖನದ ಸಿದ್ಧತೆಗಾಗಿ ಒಂದು ಗ್ರಂಥಾಲಯದಲ್ಲಿ ಹಿಂದಿನ ವರ್ಷಗಳ ದಿನಪತ್ರಿಕೆಗಳನ್ನು ಕೇಳಿದಾಗ ಮುಖ್ಯ ಸಂಚಿಕೆಗಳು ತಿಂಗಳವಾರು ಅಚ್ಚುಕಟ್ಟಾಗಿ ರಟ್ಟು ಕಟ್ಟಿದ ಸಂಪುಟಗಳಲ್ಲಿ ದೊರೆತವು. ಪುರವಣಿಗಳು ಅವುಗಳಲ್ಲಿ ಇರಲಿಲ್ಲ. ಸಂಪುಟ ದಪ್ಪವಾಗುತ್ತದೆಂಬ ಕಾರಣಕ್ಕೆ ಅವನ್ನು ಬೇರ್ಪಡಿಸಿ, ವರ್ಷದ ಕೊನೆಯಲ್ಲಿ ಹಳೆಯ ಕಾಗದದವರಿಗೆ ತೂಕದ ಮೇಲೆ ಕೊಡುವುದು ಅಲ್ಲಿನ ಪದ್ಧತಿಯೆಂದು ತಿಳಿದುಬಂದಿತು. ಸಿಬ್ಬಂದಿಯವರು ಸಹೃದಯರು, ಯಾವ ಪುಟ ಬೇಕಾಗಿತ್ತೆಂದು ಕೇಳಿದರು. ಮಕ್ಕಳ ಆಟಗಳ ಬಗೆಗಿನ ಪುಟವೆಂದಾಗ ಅವರಿಗೆ ಆಶ್ಚರ್ಯವಾಯಿತು. ಸ್ಥಳಾಭಾವವೇ ತೊಡಕಾದಲ್ಲಿ ತಿಂಗಳಿಗೊಂದರಂತೆ ಪುರವಣಿಗಳ ಪ್ರತ್ಯೇಕ ಕಟ್ಟನ್ನು, ರಟ್ಟಿಲ್ಲದೆ, ಬರಿಯ ದಾರದಿಂದ ಕಟ್ಟಿಟ್ಟರೂ ಸಾಕಾಗುತ್ತದೆಂದು ಅವರಿಗೆ ಸೂಚಿಸಿ ಬಂದದ್ದಾಗಿದೆ.